ಇಬ್ಬರು ಮುನಿಯಮ್ಮಂದಿರು, ಒಂದು ಕುರ್ಚಿ

ನಮ್ಮ ಅತ್ತೆಯನ್ನು ಯಾರಾದರೂ ಜಗಳಗಂಟಿ ಅಂದರೆ ನಾನು ಒಪ್ಪುವುದಿಲ್ಲ. ಗಂಟು ಅಂದಮೇಲೆ ಅದನ್ನು ಬಿಚ್ಚುವುದಕ್ಕೆ ಸ್ವಲ್ಪ ಹೊತ್ತಾದರೂ ಬೇಕಲ್ಲವೇ? ಅತ್ತೆಯ ಜಗಳ ಸದಾ ಬಿಚ್ಚಿಯೇ ಇರುತ್ತಿತ್ತು! ಎದುರಿಗೆ ಒಬ್ಬರು ಸಿಕ್ಕರೆ ಸಾಕು, ತಡವೇ ಇಲ್ಲ.

ಅತ್ತೆ ಅಂದರೆ ನಮ್ಮ ತಂದೆಯ ಅಕ್ಕ. ಹೆಸರು ಹೇಳದೆ ಈ ಕಥೆ ಮುಗಿಸಿಬಿಡೋಣ ಅಂದುಕೊಂಡಿದ್ದೆ. ಆದರೆ ಕಥೆಯ ಜೀವವೇ ಹೆಸರಿನಲ್ಲಿದೆ, ಏನು ಮಾಡಲಿ? ಹೇಳಿದರೂ ಅಪಾಯವೇನಿಲ್ಲ. ಅವಳ ಹೆಸರು ಮುನಿಯಮ್ಮ. ಈಗ ಯಾರು ಗುರುತು ಹಿಡಿಯುತ್ತೀರಿ, ಹಿಡಿಯಿರಿ ನೋಡೋಣ! ಆ ಕಾಲದಲ್ಲಿ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತು "ಮುನಿಯಮ್ಮಾ" ಎಂದು ಒಂದು ಸಲ ಕೂಗಿದರೆ ರೈಲಿನಲ್ಲಿದ್ದ ಅರ್ಧ ಹೆಂಗಸರು ಕಿಟಕಿಯಿಂದ ತಲೆ ಹೊರಗೆ ಹಾಕುತ್ತಿದ್ದರು. ಅವಳ ಗಂಡನ ಹೆಸರು ಮುನಿವೆಂಕಟಪ್ಪ. ಆ ಹೆಸರು ಕೂಗಿದರೆ ಗಾರ್ಡೂ ತಿರುಗಿ ನೋಡುತ್ತಿದ್ದನೋ ಏನೋ.

ಮಾವ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು, ಜ್ವರ ಬಂದು ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅತ್ತೆ ಎರಡು ಎಮ್ಮೆ, ಒಂದು ಹಸು ಕಟ್ಟಿಕೊಂಡು, ಬಂಗಾರಪೇಟೆಯಿಂದ ಮೂರು ಮೈಲಿ ದೂರದ ನಮ್ಮೂರಿನಲ್ಲಿ ಬದುಕು ಮಾಡುತ್ತಿದ್ದಳು. ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹೊತ್ತು ಬಂಗಾರಪೇಟೆಗೆ ನಡೆದು, ರೈಲು ಹತ್ತಿ, ಕೋರಮಂಡಲ್‌ನ ಗಣಿ ಲೈನುಗಳಲ್ಲಿ, ಅಂದರೆ ಗಣಿ ಕೆಲಸಗಾರರ ಮನೆಸಾಲುಗಳಲ್ಲಿ, ಹಾಲು ಹಾಕಿ ಬರುತ್ತಿದ್ದಳು. ನಾನು ಅವಳ ಜೊತೆಗೇ ಇದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ಮೇಡಂ ಆಗಿದ್ದೆನಾದ್ದರಿಂದ ನಮ್ಮಿಬ್ಬರಿಗೂ ಒಂದೇ ರೈಲು. ಇದೆಲ್ಲ ಅರವತ್ತರ ದಶಕದ ಮೊದಲ ವರ್ಷಗಳ ಮಾತು.

ಆ ರೈಲಿನಲ್ಲಿ ಅತ್ತೆ ಮೂರು ಭಾಷೆಯಲ್ಲಿ ಓಡಾಡುತ್ತಿದ್ದಳು. ಲೈನಿನ ಹೆಂಗಸರ ಜೊತೆ ತಮಿಳು, ದೇವರ ಹತ್ತಿರ ತೆಲುಗು, ಜಗಳಕ್ಕೆ ಕನ್ನಡ. "ಬೈಯೋಕೆ ನಮ್ ಭಾಷೆನೇ ಚೆಂದ ಕಣೆ, ಉಡುಕಾಡೋ ಅಂಗಿಲ್ಲ" ಅನ್ನುತ್ತಿದ್ದಳು. ಒಂದು ದಿನ ಹೊಸ ಟಿಕೆಟ್ ಕಲೆಕ್ಟರ್ ಒಬ್ಬ ಬಂದು, "ಈ ಕ್ಯಾನಿಗೆ ಲಗೇಜ್ ಟಿಕೆಟ್ ಎಲ್ಲಿ?" ಅಂದ.

"ಇದು ಲಗೇಜಲ್ಲ ಸ್ವಾಮಿ, ಆಲು."

"ಹಾಲಾದರೂ ಕ್ಯಾನು ಲಗೇಜೇ ತಾನೆ?"

"ಅಂಗಾರೆ ಆಲು ಟಿಕೆಟಿಲ್ದೆ ಬರ್ಲಿ, ಕ್ಯಾನ್ನ ನೀವು ಇಳಿಸ್ಕಳಿ. ಆಲು ಎಂಗೆ ನಿಂತ್ಕಂಡು ಬತ್ತದೋ ನಾನೂ ನೋಡ್ತೀನಿ!"

ಇಡೀ ಬೋಗಿ ನಕ್ಕಿತು. ಪಾಪ, ಆ ಮನುಷ್ಯ ಮುಂದಿನ ಬೋಗಿಗೆ ಹೋದವನು ನಮ್ಮ ಬೋಗಿಗೆ ತಿರುಗಿ ಬಂದದ್ದನ್ನು ನಾನು ನೋಡಲಿಲ್ಲ.

ಇಂಥ ಅತ್ತೆ ಜೀವಮಾನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿರಲಿಲ್ಲ. ಬಾಯೇ ಸಾಕಾಗಿರುವಾಗ ಕೋರ್ಟು ಯಾಕೆ? ಹತ್ತುವ ಹಾಗೆ ಮಾಡಿದ್ದು ನಮ್ಮೂರ ಪಂಚಾಯಿತಿಯಲ್ಲಿ ಖಾಲಿ ಬಿದ್ದ ಒಂದು ಕುರ್ಚಿ.

ಪಂಚಾಯಿತಿಯಲ್ಲಿ ಹೆಂಗಸರಿಗೆಂದು ಒಂದು ಸ್ಥಾನ ಮೀಸಲಿತ್ತು. ಅದರಲ್ಲಿ ಒಬ್ಬರು ವಯಸ್ಸಾದ ಅಜ್ಜಿ ಇದ್ದರು. ಇದ್ದರು ಅಂದರೆ ಅವರು ಪಂಚಾಯಿತಿ ಕಟ್ಟಡದ ಒಳಗೆ ಒಂದು ದಿನವೂ ಕಾಲಿಟ್ಟವರಲ್ಲ. ಗುಮಾಸ್ತ ನಡಾವಳಿ ಪುಸ್ತಕವನ್ನು ಅವರ ಮನೆಗೇ ಹೊತ್ತುಕೊಂಡು ಹೋಗುತ್ತಿದ್ದ. ಅಜ್ಜಿ ಮುದ್ದೆ ತಿರುವುವುದನ್ನು ಬಿಟ್ಟು ಬಂದು ಹೆಬ್ಬೆಟ್ಟು ಒತ್ತುತ್ತಿದ್ದರು. ನಮ್ಮೂರಿನ ನಿರ್ಣಯಗಳಿಗೆಲ್ಲ ಅಂಚಿನಲ್ಲಿ ಒಂದೊಂದು ಚೂರು ರಾಗಿ ಹಿಟ್ಟು ಅಂಟಿಕೊಂಡಿರುತ್ತಿತ್ತು! ಆ ಅಜ್ಜಿ ತೀರಿಕೊಂಡರು. ಸ್ಥಾನ ಖಾಲಿಯಾಯಿತು.

ಎರಡು ಸಲ ಚುನಾವಣೆ ಕರೆದರು, ಯಾರೂ ಅರ್ಜಿ ಹಾಕಲಿಲ್ಲ. ಹಾಕುವುದಾದರೂ ಹೇಗೆ? ಚುನಾವಣೆಯ ನೋಟೀಸನ್ನು ಪಂಚಾಯಿತಿ ಕೋಣೆಯ ಒಳಗೋಡೆಗೆ ಅಂಟಿಸಿದ್ದರು. ಹೆಂಗಸರು ಕಾಲಿಡದ ಜಾಗದಲ್ಲಿ ಹೆಂಗಸರಿಗೆ ನೋಟೀಸು! "ಎರಡು ಸಲ ಕರೆದರೂ ಯಾರೂ ನಿಲ್ಲದಿದ್ದರೆ ಮೇಲಿನ ಅಧಿಕಾರಿಗಳು ತಾವೇ ಯಾರನ್ನಾದರೂ ನೇಮಿಸಬಹುದು" ಎಂದು ಗುಮಾಸ್ತ ಎಲ್ಲರಿಗೂ ಹೇಳಿದ. ಎಲ್ಲರಿಗೂ ಅಂದರೆ ಎಲ್ಲ ಗಂಡಸರಿಗೂ.

ಇದೇ ಹೊತ್ತಿಗೆ ಇನ್ನೊಂದು ಘಟನೆ ನಡೆಯಿತು. ಊರ ಪಕ್ಕದಲ್ಲಿ ಪಂಚಾಯಿತಿಗೆ ಸೇರಿದ ಒಂದು ಪೊದೆಕಾಡು ಇತ್ತು. ಲಂಟಾನ, ಜಾಲಿ, ಕಳ್ಳಿ ಎಲ್ಲ ಬೆಳೆದು ಹೊರಗಿನಿಂದ ನೋಡಿದರೆ ಒಳಗಿರುವುದು ಕಾಣದಷ್ಟು ದಟ್ಟವಾಗಿತ್ತು. ಊರ ಹೆಂಗಸರು ಬಯಲಿಗೆ ಹೋಗುತ್ತಿದ್ದದ್ದು ಅಲ್ಲಿಗೇ. ಚೇರ್ಮನ್ನರು ಆ ಜಾಗವನ್ನು ಇಟ್ಟಿಗೆ ಗೂಡಿಗೆ ಗುತ್ತಿಗೆ ಕೊಟ್ಟರು. ಒಂದೇ ವಾರದಲ್ಲಿ ಪೊದೆ ಸವರಿ, ನೆಲ ಅಂಗೈಯ ಹಾಗೆ ಮಾಡಿಬಿಟ್ಟರು. ಇನ್ನು ಹೆಂಗಸರು ಎಲ್ಲಿಗೆ ಹೋಗಬೇಕು? ನಸುಕಿಗೆ ಮುಂಚೆ ಏಳಬೇಕು, ಇಲ್ಲವೇ ಕತ್ತಲಾಗುವ ತನಕ ಹೊಟ್ಟೆ ಹಿಡಿದುಕೊಂಡು ಕೂರಬೇಕು. ಬಸುರಿಯರು, ಬಾಣಂತಿಯರು, ವಯಸ್ಸಾದವರು ಪಟ್ಟ ಪಾಡು ಹೇಳತೀರದು. ಮಧ್ಯಾಹ್ನ ನೀರು ಕುಡಿಯುವುದನ್ನೇ ಬಿಟ್ಟವರಿದ್ದರು. ನಾನೂ ಬಿಟ್ಟಿದ್ದೆ.

ಅತ್ತೆ ನೇರ ಚೇರ್ಮನ್ನರ ಮನೆಗೆ ಹೋದಳು. ನಾನೂ ಹೋಗಿದ್ದೆ. ಅವರ ಹೆಸರೂ ಮುನಿವೆಂಕಟಪ್ಪನೇ. ಅವರ ಹೆಂಡತಿಯ ಹೆಸರು? ನೀವು ಊಹಿಸಿದ್ದು ಸರಿ, ಮುನಿಯಮ್ಮ! ಆ ಮುನಿಯಮ್ಮ ಬಾಗಿಲ ಹಿಂದೆ ನಿಂತಿದ್ದರು. ನಮಗೆ ಕಂಡದ್ದು ಸೀರೆಯ ಅಂಚು ಮತ್ತು ಒಂದು ಕಾಲುಂಗುರ ಮಾತ್ರ.

"ಅಣ್ಣಾ, ಅಲ್ಲಿ ಒಂದು ಗೋಡೆ ಕಟ್ಟಿಸ್ಕೊಡಿ" ಅಂದಳು ಅತ್ತೆ.

"ಎಂಥಾ ಗೋಡೆ?"

"ಎಂಗುಸ್ರ ಗೋಡೆ."

"ಗೋಡೇಲಿ ಎಂಗುಸ್ರದು ಗಂಡಸ್ರದು ಅಂತ ಐತೇನವ್ವಾ?" ಎಂದು ಚೇರ್ಮನ್ನರು ಜಗಲಿಯ ಮೇಲಿದ್ದವರ ಕಡೆ ನೋಡಿ ನಕ್ಕರು. ಯಾವ ಗೋಡೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆಯ ಬಾಯಿಂದ ಹೊರಡಿಸಬೇಕೆಂಬ ಆಟ. ಮೂರು ಭಾಷೆ ಬಲ್ಲ ಅತ್ತೆಗೆ ಅಷ್ಟು ಗಂಡಸರ ಎದುರಿಗೆ ಆ ಒಂದು ಮಾತಿಗೆ ಯಾವ ಭಾಷೆಯೂ ಸಿಗಲಿಲ್ಲ. ಅವಳು ಮಾತಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೇರ್ಮನ್ನರೇ ಮುಗಿಸಿದರು: "ನೋಡವ್ವಾ, ಇದು ಎಂಗುಸ್ರ ವಿಚಾರ. ಪಂಚಾಯ್ತೀಲಿ ಎಂಗುಸ್ರ ಮೆಂಬ್ರೇ ಇಲ್ಲ. ನಾವು ಗಂಡಸ್ರು ಕುಂತ್ಕಂಡು ಇದನ್ನ ಮಾತಾಡೋಕಾಗ್ತದಾ? ಮೆಂಬ್ರು ಬರ್ಲಿ, ನೋಡನ."

ಅತ್ತೆ ಮನೆಗೆ ಬಂದು ಹಸುವನ್ನು ಬೈದಳು.

ಇದಾಗಿ ಸುಮಾರು ಎರಡು ತಿಂಗಳಿಗೆ ನಮ್ಮ ಮನೆಗೆ ಒಬ್ಬ ಜವಾನ ಬಂದ. ಹೊಸಬ, ಊರಿಗೆ ಮೊದಲ ಸಲ ಬಂದವನು. ಕೈಯಲ್ಲಿ ಸರ್ಕಾರಿ ಲಕೋಟೆ. ಊರ ಬಾಗಿಲಿನಲ್ಲಿ "ಮುನಿಯಮ್ಮ, ಗಂಡನ ಹೆಸರು ಮುನಿವೆಂಕಟಪ್ಪ, ಮನೆ ಎಲ್ಲಿ?" ಎಂದು ಕೇಳಿದನಂತೆ. ಕೇಳಿಸಿಕೊಂಡವರು ಊರಿಗೆ ಮೊದಲು ಸಿಗುವ ಮುನಿಯಮ್ಮನ ಮನೆ ತೋರಿಸಿದ್ದಾರೆ. ಅದು ನಮ್ಮದು! ಅತ್ತೆ ಹೆಬ್ಬೆಟ್ಟು ಒತ್ತಿ ಲಕೋಟೆ ತೆಗೆದುಕೊಂಡಳು. ಜವಾನನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು, ಬಿಸಿಲಲ್ಲಿ ಟೋಪಿ ಯಾಕೆ ಹಾಕಿಲ್ಲವೆಂದು ಅವನ ಮೇಲೂ ಸ್ವಲ್ಪ ಜಗಳ ಮಾಡಿ ಕಳಿಸಿದಳು.

ನಾನು ಸಂಜೆ ಬಂದು ಓದಿದೆ. "ಮುನಿಯಮ್ಮ ಕೋಂ ಮುನಿವೆಂಕಟಪ್ಪ ಎಂಬುವರನ್ನು ಸದರಿ ಗ್ರಾಮ ಪಂಚಾಯಿತಿಯ ತೆರವಾದ ಮಹಿಳಾ ಸ್ಥಾನಕ್ಕೆ, ಉಳಿದ ಅವಧಿಗೆ ನೇಮಿಸಿ ಆದೇಶಿಸಲಾಗಿದೆ." ಕೋಂ ಅಂದರೆ ಹೆಂಡತಿ. ಚೇರ್ಮನ್ನರು ತಮ್ಮ ಹೆಂಡತಿಯ ಹೆಸರು ಬರೆದು ಕಳಿಸಿದ್ದಾರೆ, ಆದೇಶ ದಾರಿ ತಪ್ಪಿ ನಮ್ಮ ಮನೆಗೆ ಬಂದಿದೆ ಎಂದು ಯಾರಿಗಾದರೂ ತಿಳಿಯುವ ಹಾಗಿತ್ತು.

"ಅತ್ತೆ, ಇದು ನಿನಗಲ್ಲ. ಚೇರ್ಮನ್ನರ ಹೆಂಡತಿಗೆ ಬಂದದ್ದು. ಕೊಟ್ಟುಬಿಡೋಣ."

"ಅಂಗಂತ ಬರೆದೈತಾ?"

"ಬರೆದಿಲ್ಲ, ಆದರೆ..."

"ಚೇರ್ಮನ್ ಅನ್ನೋ ಅಕ್ಸರ ಎಲ್ಲೈತೆ, ಬೆಟ್ಟಿಟ್ಟು ತೋರ್ಸು."

ನಾನು ಆ ಕಾಗದವನ್ನು ಮೇಲಿನಿಂದ ಕೆಳಗೆ, ಮೊಹರಿನವರೆಗೆ ಹುಡುಕಿದೆ. ಇರಲಿಲ್ಲ.

"ಮುನಿಯಮ್ಮ ಯಾರು?"

"ನೀನೂ ಹೌದು."

"ಮುನಿವೆಂಕಟಪ್ಪ ಯಾರು?"

"ಮಾವ."

"ಮತ್ತೇನೆ ನಿಂದು? ಸರ್ಕಾರ ನನ್ನ ಕರೆದೈತೆ, ಓಗ್ತೀನಿ!"

ಮುಂದಿನ ಸಭೆಯ ದಿನ ಅತ್ತೆ ಮದುವೆಗೆ ಹೊರಟವಳ ಹಾಗೆ ಹೊರಟಳು. ಹಸಿರು ಕಂಬಿಯ ಸೀರೆ, ಕೈಯಲ್ಲಿ ಬಟ್ಟೆ ಸುತ್ತಿದ ಆದೇಶ. ಅವತ್ತು ಭಾನುವಾರವಾದ್ದರಿಂದ ನಾನೂ ಹಿಂದೆ ಹೋದೆ. ಪಂಚಾಯಿತಿ ಕೋಣೆಯಲ್ಲಿ ಚೇರ್ಮನ್ನರು ಸೇರಿ ಆರು ಜನ ಗಂಡಸರು, ಏಳು ಕುರ್ಚಿ. ಏಳನೆಯದರ ಮೇಲೆ ಅಜ್ಜಿ ಯಾವತ್ತೂ ಕೂತವರಲ್ಲವಾದ್ದರಿಂದ ಗುಮಾಸ್ತ ಅದರ ಮೇಲೆ ತನ್ನ ಛತ್ರಿ, ಊಟದ ಡಬ್ಬಿ ಇಡುತ್ತಿದ್ದ. ಅತ್ತೆ ಛತ್ರಿಯನ್ನು ಅವನ ಕೈಗೆ ಕೊಟ್ಟಳು, ಡಬ್ಬಿಯನ್ನು ಚೇರ್ಮನ್ನರ ಮೇಜಿನ ಮೇಲಿಟ್ಟಳು, ಕೂತಳು.

"ಏನವ್ವಾ ಇದು? ಏಳು!" ಎಂದರು ಚೇರ್ಮನ್ನರು.

ಅತ್ತೆ ಆದೇಶ ಬಿಚ್ಚಿದಳು. ಗುಮಾಸ್ತ ಓದಿದ. ಚೇರ್ಮನ್ನರು ಎದ್ದು ನಿಂತರು.

"ಅದು ನಮ್ಮನೆಯೋಳಿಗೆ ಬಂದಿರೋ ಆರ್ಡ್ರು!"

"ಅಂಗಾರೆ ಆಯಮ್ಮನ್ನ ಕರೀರಿ. ಕುಂತ್ಕಳ್ಳಿ ಬಂದು."

"ಅವಳ್ಯಾಕೆ ಬತ್ತಾಳೆ ಇಲ್ಲಿಗೆ? ಬುಕ್ಕು ಮನೆಗೇ ಓಗ್ತದೆ."

"ಅಂಗಾರೆ ಕುರ್ಚಿನೂ ಮನೆಗೇ ತಗಂಡೋಗಿ. ಇವತ್ತು ಮಾತ್ರ ಆಗಲ್ಲ, ನಾನು ಕುಂತಿವ್ನಿ!"

ಒಬ್ಬ ಮೆಂಬರು ನಗು ತಡೆಯಲಾಗದೆ ಕೆಮ್ಮಿದರು. ಚೇರ್ಮನ್ನರು ಸಭೆ ಮುಂದೂಡಿದರು. ಎಲ್ಲರೂ ಎದ್ದು ಹೋದರೂ ಅತ್ತೆ ಏಳಲಿಲ್ಲ. ಬೀಗ ಹಾಕಬೇಕಾದ ಗುಮಾಸ್ತ, "ಅಮ್ಮಾ, ನಮ್ಮನೇಲಿ ಕಾಯ್ತಾವ್ರೆ" ಎಂದು ಕೈಮುಗಿದ ಮೇಲೆ ಎದ್ದಳು.

ಚೇರ್ಮನ್ನರು ಮೇಲಿನವರಿಗೆ ಬರೆದರು: ಈ ಇಬ್ಬರಲ್ಲಿ ಯಾವ ಮುನಿಯಮ್ಮ? ಒಂದು ತಿಂಗಳ ಮೇಲೆ ಉತ್ತರ ಬಂತು: "ಸ್ಥಳೀಯವಾಗಿ ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳುವುದು." ಸ್ಥಳೀಯವಾಗಿ ಪರಿಶೀಲಿಸಿದವರು ಸಾಕ್ಷಾತ್ ಚೇರ್ಮನ್ನರೇ! ಅತ್ತೆಗೆ ಒಂದು ನೋಟೀಸು ಕೊಟ್ಟರು. "ನಿಮ್ಮ ಗಂಡ ಮೃತರಾಗಿರುವುದರಿಂದ ನಿಮ್ಮ ವಿಷಯವಾಗಿದ್ದರೆ 'ಕೋಂ ಲೇಟ್ ಮುನಿವೆಂಕಟಪ್ಪ' ಎಂದು ಇರಬೇಕಾಗಿತ್ತು. ಲೇಟ್ ಎಂದು ಇಲ್ಲದ ಕಾರಣ ನೀವು ಸದಸ್ಯರಲ್ಲ."

ನಾನು ಓದಿ ಹೇಳಿದೆ. ಅತ್ತೆ, "ಲೇಟು ಅಂದ್ರೆ ತಡ ಅಂತ ತಾನೆ?" ಅಂದಳು.

"ಇಲ್ಲಿ ತೀರಿಕೊಂಡವರು ಅಂತ."

"ತಡವಾಗಿ ಬರೋರ್ಗೂ ಲೇಟು, ಯಾವತ್ತೂ ಬರದೇ ಇರೋರ್ಗೂ ಲೇಟಾ? ಏನು ಇಂಗ್ಲೀಸೋ, ಏನೋ!"

ಮಾರನೆಯ ದಿನ ಹಾಲು ಹಾಕಿದವಳು ವಾಪಸು ರೈಲು ಹತ್ತಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಅವಳು ದಿನಾ ಹಾಲು ಹಾಕುವ ವರ್ತನೆಯ ಮನೆಯೊಂದರಲ್ಲಿ ಒಬ್ಬರು ವಯಸ್ಸಾದ ವಕೀಲರಿದ್ದರು. ಮನೆಮಾತು ತಮಿಳು, ಕನ್ನಡವನ್ನು ಎಚ್ಚರಿಕೆಯಿಂದ, ಒಂದೊಂದೇ ಪದವಾಗಿ ಆಡುವವರು. ಅವರು ಎರಡೂ ಕಾಗದ ನೋಡಿ ಕನ್ನಡಕ ಒರೆಸಿಕೊಂಡು, "ಎನ್ನಮ್ಮಾ, ಕೇಸು ಹಾಕಬಹುದು. ಆದರೆ ಸಿವಿಲ್ ಕೇಸು ಅಂದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅಲ್ಲಾಡಿಸದೆ ಕಾಯಬೇಕು" ಅಂದರು.

"ಎಪ್ಪು ಆಕಿದ್ರೆ ಬೆಳಿಗ್ಗೇಗೆ ಮೊಸ್ರು ಆಗ್ತದೆ ಸ್ವಾಮಿ. ನಿಮ್ದು ಯಾವಾಗ್ಗೆ ಆಗ್ತದೆ?"

ವಕೀಲರು ಇದಕ್ಕೆ ಉತ್ತರ ಕೊಡಲಿಲ್ಲ. ಅವರು ಪ್ರಾಮಾಣಿಕ ಮನುಷ್ಯ.

ಕೇಸು ನಡೆಯಿತು. ನಡೆಯಿತು ಅಂದರೆ ನಿಂತಲ್ಲೇ ನಿಂತಿತು, ನಡೆದವರು ನಾವು! ಒಂದು ದಿನ ಮುನ್ಸೀಫರು ರಜ, ಒಂದು ದಿನ ಎದುರು ವಕೀಲರಿಗೆ ಜ್ವರ, ಒಂದು ದಿನ ಫೈಲು ಇನ್ನೊಂದು ಫೈಲಿನ ಕೆಳಗೆ. ಆದೇಶದಲ್ಲಿರುವ ಹೆಸರಿನ ಇಬ್ಬರೂ ಹೆಂಗಸರು ಖುದ್ದಾಗಿ ಹಾಜರಾಗಬೇಕೆಂದು ಕೋರ್ಟು ಹೇಳಿದ್ದರಿಂದ ಚೇರ್ಮನ್ನರು ತಮ್ಮ ಹೆಂಡತಿಯನ್ನೂ ಪ್ರತಿ ವಾಯಿದೆಗೂ ಕರೆತರಬೇಕಾಯಿತು. ಎಲ್ಲರಿಗೂ ಇದ್ದದ್ದು ಒಂದೇ ರೈಲು. ಈ ಬೆಂಚಿನ ಮೇಲೆ ವಾದಿ ಮುನಿಯಮ್ಮ, ಆ ಬೆಂಚಿನ ಮೇಲೆ ಪ್ರತಿವಾದಿ ಮುನಿಯಮ್ಮ, ಪಕ್ಕದಲ್ಲಿ ಚೇರ್ಮನ್ನರು ಪಹರೆಯವರ ಹಾಗೆ.

ಚೇರ್ಮನ್ನರ ಹೆಂಡತಿಗೆ ನಲವತ್ತರ ಹತ್ತಿರ ವಯಸ್ಸಿರಬಹುದು. ಬಂಗಾರಪೇಟೆಗೆ ಮೂರೇ ಮೈಲಿ ದೂರದಲ್ಲಿ ಇಪ್ಪತ್ತೈದು ವರ್ಷ ಸಂಸಾರ ಮಾಡಿದರೂ ಅವರು ರೈಲು ಹತ್ತಿದ್ದು ಅದೇ ಮೊದಲಂತೆ. ಮೊದಲ ದಿನ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಎರಡನೆಯ ವಾಯಿದೆಗೆ ಒಂದು ಕಣ್ಣು ತೆರೆದರು. ಮೂರನೆಯದಕ್ಕೆ, ಚೇರ್ಮನ್ನರು ಬೀಡಿ ಸೇದಲು ಬಾಗಿಲ ಹತ್ತಿರ ಹೋಗಿದ್ದಾಗ, ಗಣಿಯ ಪಕ್ಕ ಬೆಟ್ಟದ ಹಾಗೆ ಬಿದ್ದಿದ್ದ ಬೂದು ಬಣ್ಣದ ಸೈನೈಡ್ ದಿಬ್ಬ ಕಂಡು ಮುಂದಕ್ಕೆ ಬಾಗಿ ಪಿಸುಗುಟ್ಟಿದರು: "ಅಕ್ಕಾ, ಅಷ್ಟೊಂದು ಮಣ್ಣ ಯಾರು ಗುಡ್ಡೆ ಆಕಿದ್ದು?"

ಎದುರಾಳಿಯ ಜೊತೆ ಮಾತಾಡಬಾರದು ಎಂದು ವಕೀಲರು ಅತ್ತೆಗೆ ಕಟ್ಟಪ್ಪಣೆ ಮಾಡಿದ್ದರು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ, ಯಾರಿಗೂ ಹೇಳದವಳ ಹಾಗೆ ಹೇಳಿದಳು: "ಚಿನ್ನ ತೆಗೆದ್ಮೇಲೆ ಉಳ್ದಿರೋ ಪುಡಿ. ಗಾಳಿ ಬಂದ್ರೆ ಕಣ್ಗೆ ಬೀಳ್ತದೆ, ಸೆರಗ ಅಡ್ಡ ಇಡ್ಕಬೇಕು." ಆ ಮುನಿಯಮ್ಮ ಸೆರಗು ಅಡ್ಡ ಹಿಡಿದುಕೊಂಡರು. ಅಂದಿನಿಂದ ಚೇರ್ಮನ್ನರು ಬೀಡಿಗೆ ಎದ್ದಾಗಲೆಲ್ಲ ಅತ್ತೆ ಕಿಟಕಿಗೆ ಪಾಠ ಹೇಳುವುದು ಶುರುವಾಯಿತು. ಅದು ಜನರನ್ನು ಗಣಿಗೆ ಇಳಿಸುವ ಶಾಫ್ಟಿನ ಗಾಲಿ, ಅದು ಸಾಹೇಬರ ಬಂಗಲೆ, ಅದು ಲೈನಿನವರ ಚರ್ಚು. ಕಿಟಕಿ ಒಳ್ಳೆಯ ವಿದ್ಯಾರ್ಥಿ!

ಕೊನೆಗೂ ವಿಚಾರಣೆ ಬಂತು. ನಾನು ಶಾಲೆಗೆ ರಜ ಹಾಕಿ ಹೋಗಿದ್ದೆ. ಎದುರು ವಕೀಲರು ಎದ್ದು, "ಸ್ವಾಮಿ, 'ಕೋಂ' ಅಂದರೆ ಇಂಥವರ ಹೆಂಡತಿ. ವಾದಿಯ ಗಂಡ ತೀರಿಕೊಂಡು ಎಷ್ಟೋ ವರ್ಷವಾಯಿತು. ಈಕೆ ಹೆಂಡತಿಯಲ್ಲ, ವಿಧವೆ. ಆದೇಶದಲ್ಲಿ ಲೇಟ್ ಎಂಬ ಪದವಿಲ್ಲ. ಆದ್ದರಿಂದ ಆದೇಶ ಈಕೆಗೆ ಅನ್ವಯಿಸುವುದಿಲ್ಲ" ಎಂದು ವಾದಿಸಿದರು.

ನಮ್ಮ ವಕೀಲರು ಏಳುವಷ್ಟರಲ್ಲಿ ಕಟಕಟೆಯಲ್ಲಿದ್ದ ಅತ್ತೆಯ ಬಾಯಿ ಬಿಚ್ಚಿಕೊಂಡಿತು.

"ಸ್ವಾಮಿ, ಸತ್ತಿರೋದು ಅವ್ರು. ನಾನು ಸತ್ತಿಲ್ವಲ್ಲ! ಎಂಡ್ತಿ ಆಗಿರೋಳು ನಾನು. ನಾನು ಇರೋಗಂಟ ಎಂಡ್ತಿನೇ. ಇವ್ರು ಯಾರು ಬಿಡ್ಸೋಕೆ?"

ಕೋರ್ಟು ಗೊಳ್ಳೆಂದಿತು. ಮುನ್ಸೀಫರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಏನೋ ಓದಿದರು. ಫೈಲು ಅಲುಗುತ್ತಿತ್ತು. ಆಮೇಲೆ ಗಂಭೀರವಾಗಿ, "ಸರಿಯಮ್ಮ. ಈ ಸ್ಥಾನ ನಿಮಗೆ ಯಾಕೆ ಬೇಕು?" ಎಂದು ಕೇಳಿದರು.

ಅತ್ತೆ ಸುತ್ತ ನೋಡಿದಳು. ಬೆಂಚಿನ ತುಂಬ ಗಂಡಸರು, ಬಾಗಿಲಲ್ಲಿ ಗಂಡಸರು, ಕಿಟಕಿಯಲ್ಲಿ ಗಂಡಸರು. "ಗೋಡೆಗೆ ಸ್ವಾಮಿ" ಅಂದಳು.

"ಯಾವ ಗೋಡೆ?"

ಚೇರ್ಮನ್ನರು ಜಗಲಿಯಲ್ಲಿ ಕೇಳಿದ್ದೂ ಇದೇ ಪ್ರಶ್ನೆ. ಆದರೆ ಮುನ್ಸೀಫರಿಗೆ ನಿಜವಾಗಿ ಗೊತ್ತಿರಲಿಲ್ಲ, ಅವರು ತಿಳಿದುಕೊಳ್ಳಲು ಕೇಳಿದ್ದರು. ಅತ್ತೆ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎಲ್ಲವನ್ನೂ ಹೇಳಿದಳು. ಪೊದೆ ಇದ್ದದ್ದು, ಹೋದದ್ದು, ಬಸುರಿಯೊಬ್ಬಳು ಕತ್ತಲಲ್ಲಿ ಇಟ್ಟಿಗೆ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡದ್ದು, ಮಧ್ಯಾಹ್ನ ಹೆಂಗಸರು ನೀರು ಕುಡಿಯದ್ದು. ಅವಳು ಇಷ್ಟು ಮೆಲ್ಲಗೆ ಮಾತಾಡಬಲ್ಲಳು ಎಂದು ನನಗೆ ಗೊತ್ತೇ ಇರಲಿಲ್ಲ. ಈಗ ಯಾರೂ ನಗಲಿಲ್ಲ.

ಮುನ್ಸೀಫರು ಇನ್ನೊಬ್ಬ ಮುನಿಯಮ್ಮನನ್ನು ಕರೆಸಿದರು. ಆಕೆ ಬಂದು ಸೆರಗು ಹೊದ್ದು ನಿಂತರು.

"ಈ ಸ್ಥಾನಕ್ಕೆ ನಿಮ್ಮ ಹೆಸರು ಕಳಿಸಿದ್ದು ನಿಮಗೆ ಗೊತ್ತಿತ್ತೆ ಅಮ್ಮ?"

ಆಕೆ ಗಂಡನ ಕಡೆ ನೋಡಿದರು. ಚೇರ್ಮನ್ನರು ಬೆಂಚಿನಿಂದಲೇ, "ಗೊತ್ತಿತ್ತು ಅಂತ ಏಳೇ" ಎಂದರು. ಮುನ್ಸೀಫರು ಅವರನ್ನು ಒಂದು ನೋಟ ನೋಡಿದರು, ಚೇರ್ಮನ್ನರು ಬಾಯಿ ಮುಚ್ಚಿದರು.

"ನಿಮಗೆ ಈ ಸ್ಥಾನ ಬೇಕೆ?"

ಆ ಮುನಿಯಮ್ಮ ಸೆರಗನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಇಷ್ಟು ದಿನವಾದರೂ ನಾನು ಅವರ ಮುಖವನ್ನು ಪೂರ್ತಿಯಾಗಿ ನೋಡಿದ್ದು ಆಗಲೇ.

"ನಂಗ್ಯಾರೂ ಕೇಳಿರ್ಲಿಲ್ಲ ಸ್ವಾಮಿ. ನಂಗ್ಯಾಕೆ ಅದು? ಅಕ್ಕಂಗೇ ಕೊಡಿ. ಅಕ್ಕ ಗೋಡೆ ಕಟ್ಟುಸ್ತಾಳೆ." ಒಂದು ಉಸಿರು ಎಳೆದುಕೊಂಡು ಸೇರಿಸಿದರು: "ನಾನೂ ಎಂಗುಸೇ ಅಲ್ವಾ ಸ್ವಾಮಿ?"

ಇನ್ನೇನು ಉಳಿಯಿತು? ತೀರ್ಪು ಬಂತು. ಒಬ್ಬಾಕೆ ತನಗೆ ಬೇಡವೆಂದು ಹೇಳಿರುವುದರಿಂದಲೂ, ಇನ್ನೊಬ್ಬಾಕೆಗೆ ಆದೇಶದ ಹೆಸರು ಸರಿಯಾಗಿ ಒಪ್ಪುವುದರಿಂದಲೂ ವಾದಿ ಮುನಿಯಮ್ಮನೇ ಸದಸ್ಯೆ. ನಮ್ಮ ವಕೀಲರು ಕೈಕುಲುಕಲು ಕೈ ಚಾಚಿದರು, ಅತ್ತೆ ಅದರಲ್ಲಿ ಒಂದು ನಿಂಬೆಹಣ್ಣು ಇಟ್ಟಳು.

ತಮಾಷೆ ಕೇಳಿ. ಇಷ್ಟೆಲ್ಲ ಆಗುವ ಹೊತ್ತಿಗೆ ಒಂದು ವರ್ಷ ಕಳೆದು ಪಂಚಾಯಿತಿಯ ಅವಧಿಯೇ ಮುಗಿಯುತ್ತ ಬಂದಿತ್ತು. ಉಳಿದಿದ್ದದ್ದು ಒಂದೇ ಒಂದು ಸಭೆ! "ಒಂದು ಸಾಕು" ಅಂದಳು ಅತ್ತೆ. ಸಭೆಯ ಹಿಂದಿನ ದಿನ ಮನೆಮನೆಗೆ ಹೋಗಿ ಬಂದಳು. ಏನು ಮಾತಾಡಿದಳೋ ನನಗೂ ಹೇಳಲಿಲ್ಲ. ಸಭೆಯಲ್ಲಿ ಗೋಡೆಯ ವಿಷಯ ಬಂದಾಗ ಎದ್ದು ನಿಂತು ಇಷ್ಟೇ ಹೇಳಿದಳು: "ಕೈ ಎತ್ತೋರು ಎತ್ತಿ. ಎತ್ದೆ ಇರೋರ್ಗೆ ಬಲವಂತ ಇಲ್ಲ. ಇವತ್ತು ಮಧ್ಯಾನ ಅವ್ರ ಮನೇಲಿ ಒಲೆ ಅಚ್ಚಲ್ಲ, ಅಷ್ಟೇ. ಎಲ್ಲರ ಮನೆಯೋರೂ ಒಪ್ಕಂಡವ್ರೆ."

ಐದು ಕೈ ಒಟ್ಟಿಗೇ ಮೇಲೆ ಹೋದವು. ಒಬ್ಬರಂತೂ ಎರಡೂ ಕೈ ಎತ್ತಿದ್ದರು! ಚೇರ್ಮನ್ನರ ಕೈ ಮೇಜಿನ ಮೇಲೇ ಇತ್ತು. ಬೇಕಾಗಿಯೂ ಇರಲಿಲ್ಲ. ಎರಡು ತಿಂಗಳಲ್ಲಿ ಊರ ಆಚೆ ಬದಿಗೆ ಆಳೆತ್ತರದ ಕಲ್ಲು ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿ, ಒಳಗೆ ಒಂದು ನೀರಿನ ತೊಟ್ಟಿ ಕಟ್ಟಿಸಿದರು. ಅಷ್ಟು ಹೊತ್ತಿಗೆ ಅತ್ತೆಯ ಮೆಂಬರಿಕೆ ಮುಗಿದೇ ಹೋಗಿತ್ತು. ಅವಳ ಹಾಗೆ ಒಂದೇ ಸಭೆಗೆ ಹೋಗಿ, ಹೋದ ಕೆಲಸ ಮುಗಿಸಿಕೊಂಡು ಬಂದ ಮೆಂಬರನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

ಗೋಡೆಯ ಒಳಗೆ ಊರ ಹೆಂಗಸರೆಲ್ಲ ಬಂದರು, ಚೇರ್ಮನ್ನರ ಹೆಂಡತಿ ಬರಲಿಲ್ಲ. ನೀರಿಗೆ ಬರಲಿಲ್ಲ, ಅಂಗಡಿಗೆ ಬರಲಿಲ್ಲ. ನಾನು ಅವರ ಮನೆಯ ಮುಂದೆ ಹಾದು ಹೋಗುವಾಗ ಬಾಗಿಲ ಹಿಂದೆ ಸೀರೆಯ ಅಂಚೂ ಕಾಣುತ್ತಿರಲಿಲ್ಲ. "ಕೋರ್ಟಲ್ಲಿ ಗಂಡನ ಮರ್ವಾದಿ ತೆಗೆದೋಳು, ಇನ್ನು ಒಸ್ಲು ದಾಟಂಗಿಲ್ಲ" ಎಂದು ಚೇರ್ಮನ್ನರು ಅಪ್ಪಣೆ ಮಾಡಿದ್ದಾರೆ ಎಂದು ಅವರ ಮನೆಯ ಕೆಲಸದಾಕೆ ಹೇಳಿದಳು. ಅತ್ತೆ ಎರಡು ಸಲ ಹೋಗಿ ಬಂದಳು. ಎರಡು ಸಲವೂ ಚೇರ್ಮನ್ನರು ಜಗಲಿಯಿಂದಲೇ ವಾಪಸು ಕಳಿಸಿದರು. ಅತ್ತೆ ಜಗಳವನ್ನೂ ಮಾಡಲಿಲ್ಲ. ಜಗಳ ಮಾಡದ ಅತ್ತೆಯನ್ನು ಕಂಡರೆ ನನಗೆ ಭಯವಾಗುತ್ತಿತ್ತು.

ಒಂದು ದಿನ ಸಂಜೆ ಹಾಲು ಕರೆಯುತ್ತ, "ನಾಳೆ ವಕೀಲ್ರ ಹತ್ರ ಓಗ್ಬತ್ತೀನಿ" ಅಂದಳು.

"ಯಾಕತ್ತೆ?"

"ಚೇರ್ಮನ್ ಎಂಡ್ತಿ ಮೇಲೆ ಕೇಸಾಕ್ಬೇಕು. ಆಯಮ್ಮನ ಮೇಕೆ ನಮ್ ಬದ್ನೆ ಗಿಡ ಎಲ್ಲ ಮೇಯ್ದಾಕೈತೆ."

"ಅತ್ತೆ, ಅವರ ಮನೆಯಲ್ಲಿ ಮೇಕೆಯೇ ಇಲ್ಲ!"

"ಗೊತ್ತು."

"ನಾವು ಬದನೆ ಗಿಡ ಹಾಕಿಲ್ಲ!"

"ಅದೂ ಗೊತ್ತು. ಕೋರ್ಟ್ಗೆ ಗೊತ್ತಾಗ್ಬೇಕಲ್ಲ? ಅದುಕ್ಕೆ ಒಂದು ವರ್ಸ ಬೇಕು." ಹಾಲಿನ ನೊರೆಯನ್ನು ನೋಡುತ್ತ ಹೇಳಿದಳು: "ಗಂಡ ಓಗ್ಬೇಡ ಅಂದ್ರೆ ಮನೇಲಿ ಇರ್ಬೋದು. ಕೋರ್ಟು ಬಾ ಅಂದ್ರೆ ಇರೋಕಾಗ್ತದಾ?"

ವಕೀಲರು ಮೊದಲು, ಇದು ಸುಳ್ಳು ದಾವೆ, ನಾನು ಬರೆಯುವುದಿಲ್ಲ ಎಂದು ರೇಗಿದರಂತೆ. ಆಮೇಲೆ ಯಾಕೆ ಎಂದು ಕೇಳಿದರಂತೆ. ಅತ್ತೆ ಹೇಳಿದ ಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡು, "ಮೇಕೆ ಕಪ್ಪೋ, ಬಿಳಿಯೋ?" ಎಂದು ಕೇಳಿ ಬರೆಯಲು ಕೂತರಂತೆ.

ಸಮನ್ಸು ಬಂತು. ಚೇರ್ಮನ್ನರು ಊರೆಲ್ಲ ಕೇಳುವಂತೆ ಅತ್ತೆಯನ್ನು ಬೈದರು, ಬೈದುಕೊಂಡೇ ಹೆಂಡತಿಯನ್ನು ಮೊದಲ ಎರಡು ವಾಯಿದೆಗೆ ಕರೆತಂದರು. ಮೂರನೆಯದಕ್ಕೆ ಅವರಿಗೆ ಸಾಕಾ‌ಯಿತು. "ಇಲ್ಲದ ಮೇಕೆಗೆ ನಾನ್ಯಾಕೆ ಅಲೀಲಿ? ನೀನೇ ಓಗಿ ಬಾ" ಎಂದುಬಿಟ್ಟರು. ಹಾಗೆ ಇಬ್ಬರು ಮುನಿಯಮ್ಮಂದಿರು ತಿಂಗಳಿಗೊಮ್ಮೆ ಒಂದೇ ಬೆಂಚಿನ ಮೇಲೆ ಕೂತು ಕೋರ್ಟಿಗೆ ಹೋಗತೊಡಗಿದರು. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಬಳೆ ನೋಡಿದರು, ಹೋಟೆಲಿನಲ್ಲಿ ಕೂತು ಕಾಫಿ ಕುಡಿದರು. ಮುನ್ಸೀಫರು ಒಂದು ಸಲ ಬೇಸತ್ತು, "ಏನಮ್ಮಾ, ಒಂದೇ ಊರಿನವರು, ರಾಜಿ ಮಾಡಿಕೊಳ್ಳಬಾರದೆ?" ಎಂದಾಗ ಇಬ್ಬರೂ ಒಂದೇ ಸ್ವರದಲ್ಲಿ, "ಇಲ್ಲ ಸ್ವಾಮಿ!" ಎಂದರಂತೆ.

ಅವತ್ತು ಸಂಜೆ ಶಾಲೆ ಮುಗಿಸಿ ರೈಲು ಹತ್ತಿದೆ. ಬೋಗಿಯಲ್ಲಿ ಅವರಿಬ್ಬರೂ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಚೇರ್ಮನ್ನರ ಹೆಂಡತಿಯ ಸೆರಗು ಹೆಗಲ ಮೇಲೆ ಬಿದ್ದಿತ್ತು. "ಕೇಸು ಏನಾಯಿತು?" ಎಂದು ಕೇಳಿದೆ.

"ಮುಂದಕ್ಕೋಯ್ತು ಮೇಡಮ್ಮಾ!" ಎಂದರು ಅವರು, ಗೆದ್ದವರ ಹಾಗೆ ಮುಖ ಅರಳಿಸಿ.

ರೈಲು ಹೊರಟಿತು. ಅವರು ಕಿಟಕಿಯಿಂದ ಕೈ ಹೊರಗೆ ಚಾಚಿ, ಬೆರಳುಗಳನ್ನು ಬಿಡಿಸಿ ಗಾಳಿಗೆ ಹಿಡಿದರು. ಸಾಮಾನ್ಯವಾಗಿ ಯಾರಾದರೂ ಕಿಟಕಿಯಿಂದ ಕೈ ಹಾಕಿದರೆ ಇಡೀ ಬೋಗಿ ಕೇಳುವಂತೆ ಗದರಿಸುವ ಅತ್ತೆ, ಬಂಗಾರಪೇಟೆ ಬರುವ ತನಕ ಒಂದು ಮಾತೂ ಆಡಲಿಲ್ಲ.